ರಾಷ್ಟ್ರಧ್ವಜ ತಯಾರಿಕೆ: ನೂಲು, ನೇಯ್ಗೆ, ಬಣ್ಣ, ಅಳತೆ

ರಾಷ್ಟ್ರಧ್ವಜ ತಯಾರಿಕೆ: ಒಂದು ದೇಶದ ಬಾವುಟವನ್ನು ಕಾನೂನು ಗೊತ್ತುಮಾಡಿದ ಅಳತೆ, ಬಣ್ಣ ಹಾಗೂ ಬಟ್ಟೆಯಲ್ಲಿ ಸಿದ್ಧಪಡಿಸುವ ಕಸುಬು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಿಹ್ನೆ ಅಚ್ಚೊತ್ತುವುದು, ಹೊಲಿಯುವುದು, ಹಗ್ಗ ಕೂಡಿಸುವುದು ಇದರ ಮುಖ್ಯ ಹಂತಗಳು. ಬಹುತೇಕ ದೇಶಗಳಲ್ಲಿ ಇದು ಜವಳಿ ಉದ್ಯಮದ ಒಂದು ಸಣ್ಣ ಕವಲು. ಭಾರತದಲ್ಲಿ ಮಾತ್ರ ಧ್ವಜದ ಬಟ್ಟೆಯೇ ಸ್ವಾತಂತ್ರ್ಯ ಚಳವಳಿಯ ಒಂದು ಕಾರ್ಯಕ್ರಮವಾಗಿತ್ತು. ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಖಾದಿಯಲ್ಲೇ ತ್ರಿವರ್ಣ ಧ್ವಜ ಸಿದ್ಧವಾಗಬೇಕೆಂಬ ನಿಯಮ 2021ರ ಕೊನೆಯವರೆಗೂ ಉಳಿದುಬಂತು.

ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಧ್ವಜ ಹಾರಿಸುವ ಹಕ್ಕಿಗಾಗಿ 1938ರಲ್ಲಿ ಹಳೆಯ ಮೈಸೂರು ಸೀಮೆಯ ಜನ ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ ಸತ್ಯಾಗ್ರಹ ಹೂಡಿದರು. ಸ್ವಾತಂತ್ರ್ಯ ಬಂದ ಮೇಲೆ ಧ್ವಜಕ್ಕೆ ಬೇಕಾದ ಬಟ್ಟೆಯನ್ನು ಧಾರವಾಡ ಜಿಲ್ಲೆಯ ಗರಗ, ಬಾಗಲಕೋಟೆಯ ತುಳಸಿಗೇರಿಗಳ ನೇಕಾರರು ಒದಗಿಸಿದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದು ಧ್ವಜವಾಗಿ ರೂಪುಗೊಂಡು ದೇಶದ ಮೂಲೆ ಮೂಲೆಗೂ ಹೋಯಿತು.

ಬಟ್ಟೆಯ ಆಯ್ಕೆ

ಧ್ವಜದ ಬಟ್ಟೆಗೆ ಒಂದಕ್ಕೊಂದು ವಿರುದ್ಧವಾದ ಗುಣಗಳು ಬೇಕು. ಸಣ್ಣ ಗಾಳಿಗೂ ಅರಳುವಷ್ಟು ಹಗುರವಿರಬೇಕು, ಬಿರುಗಾಳಿಯ ಹೊಡೆತ ತಡೆಯುವಷ್ಟು ಗಟ್ಟಿಯಿರಬೇಕು. ಬಿಸಿಲು ಮಳೆಗೆ ಬಣ್ಣ ಬಿಡಬಾರದು, ನೆನೆದರೆ ಬೇಗ ಒಣಗಬೇಕು. ಎಲ್ಲ ಗುಣಗಳೂ ಒಂದೇ ನಾರಿನಲ್ಲಿ ಸಿಗುವುದಿಲ್ಲವಾದ್ದರಿಂದ ಆಯಾ ಕಾಲ, ಆಯಾ ದೇಶ ತನಗೆ ಒದಗಿದ ನಾರನ್ನು ಆರಿಸಿಕೊಂಡಿವೆ.

ಹಡಗುಗಳ ಕಾಲದಲ್ಲಿ ಯುರೋಪು, ಅಮೆರಿಕಗಳು ಉಣ್ಣೆಯನ್ನು ನೆಚ್ಚಿದ್ದವು. ಬಿಡಿಬಿಡಿಯಾಗಿ ನೇಯ್ದ ತೆಳು ಉಣ್ಣೆ ಬಟ್ಟೆಗೆ ಬಂಟಿಂಗ್ ಎಂಬ ಹೆಸರಿತ್ತು. ಗಾಳಿ ಅದರ ಮೂಲಕ ತೂರಿಹೋಗುತ್ತಿದ್ದುದರಿಂದ ಬಟ್ಟೆ ಬೇಗ ಹರಿಯುತ್ತಿರಲಿಲ್ಲ. 1813ರಲ್ಲಿ ಬಾಲ್ಟಿಮೋರ್ ನಗರದ ಮೇರಿ ಪಿಕರ್ಸ್‌ಗಿಲ್ ಎಂಬ ಧ್ವಜ ತಯಾರಕಿ ಕೋಟೆಯೊಂದಕ್ಕೆ ಹೊಲಿದುಕೊಟ್ಟ 42 ಅಡಿ ಉದ್ದ, 30 ಅಡಿ ಅಗಲದ ಅಮೆರಿಕದ ಧ್ವಜದಲ್ಲಿ ಪಟ್ಟಿಗಳು ಉಣ್ಣೆಯವು, ನಕ್ಷತ್ರಗಳು ಹತ್ತಿಯವು. ರೇಷ್ಮೆ ಹೊಳಪಿನ ಬಟ್ಟೆ. ಬಿಸಿಲಿನಲ್ಲಿ ಬಹುಕಾಲ ಬಾಳದ ಕಾರಣ ಅದನ್ನು ಸೇನಾ ದಳಗಳ ಪತಾಕೆಗಳಿಗೂ ಸಮಾರಂಭಗಳಿಗೂ ಮೀಸಲಿಟ್ಟರು.

ಎರಡನೆಯ ಮಹಾಯುದ್ಧದ ನಂತರ ನೈಲಾನ್ ಮತ್ತು ಪಾಲಿಯೆಸ್ಟರ್ ಬಂದು ಲೆಕ್ಕಾಚಾರವನ್ನು ಬದಲಿಸಿದವು. ನೈಲಾನ್ ಹಗುರ, ಮಂದ ಗಾಳಿಗೂ ಹಾರುತ್ತದೆ, ನೆನೆದರೂ ಬೇಗ ಆರುತ್ತದೆ. ಪಾಲಿಯೆಸ್ಟರ್ ಅದಕ್ಕಿಂತ ಗಟ್ಟಿ. ಸದಾ ಜೋರು ಗಾಳಿ ಬೀಸುವ ಕಡೆ ಅದೇ ಮೇಲು. 1969ರಲ್ಲಿ ಅಪೊಲೊ-11 ಯಾನಿಗಳು ಚಂದ್ರನ ಮೇಲೆ ನೆಟ್ಟದ್ದೂ ನೈಲಾನ್ ಧ್ವಜವನ್ನೇ. ಅಲ್ಲಿ ಗಾಳಿಯಿಲ್ಲದ್ದರಿಂದ ಮೇಲಂಚಿನಲ್ಲಿ ಅಡ್ಡಕಡ್ಡಿ ತೂರಿಸಿ ಅದನ್ನು ಅರಳಿಸಿ ನಿಲ್ಲಿಸಿದ್ದರು. ಭಾರತದ ತ್ರಿವರ್ಣ 2008ರ ನವೆಂಬರ್ 14ರಂದು ಚಂದ್ರನನ್ನು ಮುಟ್ಟಿದ್ದು ಬಟ್ಟೆಯಾಗಿ ಅಲ್ಲ, ಚಂದ್ರಯಾನ-1ರಿಂದ ಬೇರ್ಪಟ್ಟು ಕೆಳಗಿಳಿದ ಶೋಧಕದ ಮೈಮೇಲೆ ಬಳಿದ ಬಣ್ಣವಾಗಿ.

ನಾರು ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಹತ್ತಿಗೆ ವ್ಯಾಟ್ ಮತ್ತು ರಿಯಾಕ್ಟಿವ್ ಬಣ್ಣಗಳು ಹಿಡಿದರೆ ಉಣ್ಣೆ, ರೇಷ್ಮೆ, ನೈಲಾನ್‌ಗಳಿಗೆ ಆಮ್ಲೀಯ ಬಣ್ಣಗಳು ಹೊಂದುತ್ತವೆ. ಪಾಲಿಯೆಸ್ಟರ್ ನೀರನ್ನೇ ಹೀರದ ನಾರು. ಅದಕ್ಕೆ ಡಿಸ್ಪರ್ಸ್ ಬಣ್ಣಗಳನ್ನು ಹೆಚ್ಚಿನ ಕಾವಿನಲ್ಲಿ ಇಳಿಸಬೇಕು.

ಖಾದಿ ಧ್ವಜದ ಹಿನ್ನೆಲೆ

ಗಾಂಧೀಜಿ 1921ರಲ್ಲೇ ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ರಾಷ್ಟ್ರಧ್ವಜದ ಅಗತ್ಯದ ಬಗ್ಗೆ ಬರೆದು, ಅದು ಖಾದಿಯದೇ ಆಗಿರಬೇಕೆಂದು ಒತ್ತಿಹೇಳಿದ್ದರು. ಆಂಧ್ರದ ಪಿಂಗಳಿ ವೆಂಕಯ್ಯ ಆ ವರ್ಷ ಬೆಜವಾಡದ ಕಾಂಗ್ರೆಸ್ ಸಭೆಯ ಹೊತ್ತಿಗೆ ಸಿದ್ಧಪಡಿಸಿದ ವಿನ್ಯಾಸ, ಚರಕದ ಚಿತ್ರದೊಂದಿಗೆ ಬೆಳೆಯುತ್ತ ಹೋಯಿತು. 1931ರಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ಚರಕವಿರುವ ಧ್ವಜವನ್ನು ಕಾಂಗ್ರೆಸ್ ಅಂಗೀಕರಿಸಿತು.

ಹುಬ್ಬಳ್ಳಿಗೂ ಧ್ವಜಕ್ಕೂ ನಂಟು ಬೆಳೆದದ್ದು ಈ ಅವಧಿಯಲ್ಲೇ. 1923ರ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರೊಂದಿಗೆ ಹೋಗಿ ಸೆರೆಮನೆ ಸೇರಿದ ಡಾ. ನಾ. ಸು. ಹರ್ಡೀಕರ್, ಅದೇ ವರ್ಷದ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಅವರ ಒತ್ತಾಸೆಯಿಂದ ತಿಂಗಳ ಕೊನೆಯ ಭಾನುವಾರ ಧ್ವಜವಂದನೆ ಮಾಡುವ ಪದ್ಧತಿ ಊರೂರಿಗೆ ಹಬ್ಬಿತು. ಧ್ವಜವಂದನೆ ಹೆಚ್ಚಿದಂತೆ ಖಾದಿ ಬಟ್ಟೆಯ ಬೇಡಿಕೆಯೂ ಹೆಚ್ಚಿತು. ಕರ್ನಾಟಕದ ಖಾದಿ ಭಗೀರಥರೆಂದು ಹೆಸರಾದ ಗಂಗಾಧರರಾವ್ ದೇಶಪಾಂಡೆ ಬೆಳಗಾವಿ ಬಳಿಯ ಹುದಲಿಯಲ್ಲಿ ಖಾದಿ ಕೇಂದ್ರ ಬೆಳೆಸಿದರು. ಮೈಸೂರು ಸಂಸ್ಥಾನದಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು 1927ರಿಂದ ನೂಲುವ ಕೇಂದ್ರವಾಗಿ ಹೆಸರಾಯಿತು. ಮುಂದೆ ಧ್ವಜದ ಬಟ್ಟೆ ನೇಯ್ದ ಸಂಸ್ಥೆಗಳು ಇಂಥ ನೆಲದಲ್ಲೇ ಬೇರುಬಿಟ್ಟವು.

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಧ್ವಜದ ನಿರ್ಣಯ ಮಂಡಿಸಿದ ಜವಾಹರಲಾಲ್ ನೆಹರೂ ಸದಸ್ಯರಿಗೆ ಎರಡು ಧ್ವಜಗಳನ್ನು ತೋರಿಸಿದರು. ಒಂದು ರೇಷ್ಮೆಯದು, ಇನ್ನೊಂದು ಹತ್ತಿ ಖಾದಿಯದು. ಚರಕದ ಜಾಗದಲ್ಲಿ ಸಾರನಾಥದ ಅಶೋಕ ಸ್ತಂಭದ ಚಕ್ರ ಬಂತು. ಅದು ಚರಕದ ಪ್ರತೀಕವೂ ಹೌದೆಂದು ನಿರ್ಣಯವೇ ಹೇಳಿತು. ಮೂರು ಪಟ್ಟಿಗಳು ಸಮನಾಗಿರಬೇಕು, ಅಗಲ ಮತ್ತು ಉದ್ದ 2:3ರ ಪ್ರಮಾಣದಲ್ಲಿರಬೇಕು ಎಂಬುದೂ ಅಂದೇ ತೀರ್ಮಾನವಾಯಿತು.

ಶಿವಪುರದ ಧ್ವಜ ಸತ್ಯಾಗ್ರಹ

ಧ್ವಜವನ್ನು ಮಾಡುವುದು ಒಂದು ಕೆಲಸ. ಅದನ್ನು ಏರಿಸುವ ಹಕ್ಕು ಗಳಿಸುವುದು ಇನ್ನೊಂದು. ಮಂಡ್ಯ ಸೀಮೆಯ ಹೆಸರು ಸೇರಿಕೊಂಡಿರುವುದು ಈ ಎರಡನೆಯದರಲ್ಲಿ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸರ್ಕಾರದ ವಿರೋಧವಿತ್ತು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಮದ್ದೂರಿಗೆ ಅಂಟಿಕೊಂಡ ಶಿವಪುರದಲ್ಲಿ, ಶಿಂಷಾ ನದಿಯ ಆಸುಪಾಸಿನ ಹೊಲದಲ್ಲಿ ಸೇರಿತು. ನಿಷೇಧಾಜ್ಞೆ ಇದ್ದರೂ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯ ಧ್ವಜಾರೋಹಣಕ್ಕೆ ಮುಂದಾಗಿ ಬಂಧನಕ್ಕೊಳಗಾದರು. ಅವರ ಹಿಂದೆ ಒಬ್ಬೊಬ್ಬರಾಗಿ ಮುಂದೆ ಬಂದವರೂ ಸೆರೆಯಾದರು. ಮದ್ದೂರಿನ ಎಚ್. ಕೆ. ವೀರಣ್ಣಗೌಡ, ಸಾಹುಕಾರ್ ಚನ್ನಯ್ಯ ಮೊದಲಾದ ಈ ಭಾಗದ ಮುಖಂಡರು ಅಧಿವೇಶನದ ಬೆನ್ನೆಲುಬಾಗಿದ್ದರು.

ಶಿವಪುರದ ಕಿಡಿ ಸಂಸ್ಥಾನದ ಉದ್ದಗಲಕ್ಕೂ ಹಬ್ಬಿತು. ಅದೇ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಮಡಿದರು. ಬಳಿಕ ಸರ್ದಾರ್ ಪಟೇಲ್ ಬೆಂಗಳೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ನಡೆಸಿದ ಮಾತುಕತೆಯಲ್ಲಿ, ಮೈಸೂರು ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಶಿವಪುರದಲ್ಲಿರುವ ಸತ್ಯಾಗ್ರಹ ಸೌಧ ಈ ಹೋರಾಟದ ಸ್ಮಾರಕ.

 ಕನ್ನಂಬಾಡಿಯ ನಾಲೆ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುವ ಸೀಮೆ ಮದ್ದೂರು. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ, ರೇಷ್ಮೆಹುಳು ಸಾಕಣೆಯೂ ಇದೆ. ಧ್ವಜದ ಬಳಕೆಯ ನಿಯಮಾವಳಿಯಾದ ಧ್ವಜ ಸಂಹಿತೆ ಒಪ್ಪಿರುವ ಬಟ್ಟೆಗಳಲ್ಲಿ ರೇಷ್ಮೆಯೂ ಒಂದು. ಆದರೆ ಕಂಬಕ್ಕೇರುವ ದಿನಬಳಕೆಯ ಧ್ವಜ ಹತ್ತಿಯದು. ಅದರ ಬಟ್ಟೆ ಹುಟ್ಟುವುದು ತುಂಗಭದ್ರೆಯ ಆಚೆಗೆ. ಧ್ವಜಕ್ಕಾಗಿ ಹೋರಾಡಿದ ದಕ್ಷಿಣದ ಬಯಲು, ಧ್ವಜವನ್ನು ನೇಯ್ದುಕೊಟ್ಟ ಉತ್ತರದ ಬಯಲು ಎರಡನ್ನೂ ಸೇರಿಸಿ ಓದಿದಾಗಲೇ ಕರ್ನಾಟಕದ ಧ್ವಜ ಚರಿತ್ರೆ ಪೂರ್ತಿಯಾಗುತ್ತದೆ.

ಮಾನಕ, ಅಳತೆ, ಬಣ್ಣ

ಭಾರತೀಯ ಮಾನಕ ಸಂಸ್ಥೆ ಹೊರತಂದ ಮಾನಕಗಳ ಸಾಲಿನಲ್ಲಿ ಮೊದಲ ಸಂಖ್ಯೆ ಸಿಕ್ಕಿದ್ದು ರಾಷ್ಟ್ರಧ್ವಜಕ್ಕೆ. 1951ರಲ್ಲಿ ಬಂದ ಈ ‘ಐಎಸ್ 1’ ಮಾನಕ, ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿದಾಗ 1964ರಲ್ಲಿ ತಿದ್ದುಪಡಿಯಾಗಿ, 1968ರ ಆಗಸ್ಟ್ 17ರಂದು ಮತ್ತೆ ಪರಿಷ್ಕರಣೆಗೊಂಡಿತು. ಧ್ವಜದ ಅಳತೆ, ಬಣ್ಣ, ಎಳೆಗಳ ಸಂಖ್ಯೆ, ಬಟ್ಟೆಯ ತೂಕ ಮತ್ತು ಬಲ, ಹೊಲಿಗೆ, ಹಗ್ಗ ಎಲ್ಲವನ್ನೂ ಅದು ಗೊತ್ತುಮಾಡುತ್ತದೆ. ಮಾನಕದಲ್ಲಿರುವ ಒಂಬತ್ತು ಅಳತೆಗಳು ಮತ್ತು ಆಯಾ ಧ್ವಜದ ಚಕ್ರದ ವ್ಯಾಸ ಮಿಲಿಮೀಟರುಗಳಲ್ಲಿ ಹೀಗಿವೆ:

1. 6300 × 4200, ಚಕ್ರ 1295
2. 3600 × 2400, ಚಕ್ರ 740
3. 2700 × 1800, ಚಕ್ರ 555
4. 1800 × 1200; ಚಕ್ರ 370
5. 1350 × 900, ಚಕ್ರ 280
6. 900 × 600, ಚಕ್ರ 185
7. 450 × 300, ಚಕ್ರ 90
8. 225 × 150, ಚಕ್ರ 40
9. 150 × 100, ಚಕ್ರ 25

ಕೊನೆಯ ಮೂರು ಅಳತೆಗಳ ಬಳಕೆಯನ್ನು ಧ್ವಜ ಸಂಹಿತೆಯೇ ಹೇಳುತ್ತದೆ: ಅತಿಗಣ್ಯರ ವಿಮಾನಕ್ಕೆ 450 × 300, ಮೋಟಾರು ಕಾರಿಗೆ 225 × 150, ಮೇಜಿಗೆ 150 × 100. ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ದೊಡ್ಡ ಧ್ವಜಗಳಲ್ಲಿ ಚಕ್ರ ಬಿಳಿ ಪಟ್ಟಿಯ ಎತ್ತರದ ನೂರಕ್ಕೆ ತೊಂಬತ್ತೆರಡು ಭಾಗದಷ್ಟನ್ನು ತುಂಬುತ್ತದೆ. ಮೇಜಿನ ಪುಟ್ಟ ಧ್ವಜದಲ್ಲಿ ಅದು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಬಟ್ಟೆ ಕಿರಿದಾದಂತೆ ಹೊಲಿಗೆಗೆ ಹೋಗುವ ಪಾಲು ಹೆಚ್ಚುತ್ತದೆ; ಅಂಚಿಗೆ ತಾಗದೆ ಚಕ್ರ ಬಿಡಿಯಾಗಿ ಕಾಣಲು ಈ ತೆರವು ನೆರವಾಗುತ್ತದೆ.

ಬಣ್ಣಗಳಿಗೆ ಕೇಸರಿ, ಬಿಳಿ, ಹಸಿರು, ಕಡುನೀಲಿ ಎಂಬ ಹೆಸರು ಸಾಲದು. ಒಬ್ಬ ಬಣ್ಣಗಾರನ ಕೇಸರಿ ಇನ್ನೊಬ್ಬನಿಗೆ ಕಿತ್ತಳೆಯಾಗಬಹುದು. ಆದ್ದರಿಂದ ಅಂತರರಾಷ್ಟ್ರೀಯ ಬೆಳಕು ಆಯೋಗ 1931ರಲ್ಲಿ ರೂಪಿಸಿದ ವರ್ಣ ನಿರ್ದೇಶಾಂಕಗಳಲ್ಲಿ ಮಾನಕ ಪ್ರತಿ ಬಣ್ಣವನ್ನೂ ಅಂಕಿಗಳಾಗಿ ಕೊಟ್ಟಿದೆ. ಯಂತ್ರದಲ್ಲಿ ಅಳೆದಾಗ ಬಟ್ಟೆಯ ಬಣ್ಣ ಆ ಮಿತಿಯೊಳಗೆ ಬರಲೇಬೇಕು.

ಗರಗ, ತುಳಸಿಗೇರಿ, ಬೆಂಗೇರಿ

ಧಾರವಾಡ ಸೀಮೆ ತಲೆಮಾರುಗಳಿಂದ ಹತ್ತಿಯ ನೆಲ. ಧಾರವಾಡ ತಾಲ್ಲೂಕಿನ ಗರಗದಲ್ಲಿ 1954ರಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಕ್ಷೇತ್ರೀಯ ಸೇವಾ ಸಂಘದ ಹೆಸರಿನಲ್ಲಿ ಖಾದಿ ಕೇಂದ್ರ ತೆರೆದರು. ರಾಷ್ಟ್ರಧ್ವಜಕ್ಕೆ ಬೇಕಾದ ಬಟ್ಟೆಯ ಮಟ್ಟವನ್ನು ಸಾಧಿಸಿದ ಗರಗದ ಹೆಸರು ದೇಶಕ್ಕೇ ತಿಳಿಯಿತು. ಇಂದಿಗೂ ಹಳಬರು ಧ್ವಜದ ಬಟ್ಟೆ ಎಂದರೆ ಗರಗವನ್ನೇ ನೆನೆಯುತ್ತಾರೆ. ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿ ಹನುಮಪ್ಪನ ಕ್ಷೇತ್ರವೆಂದು ಪ್ರಸಿದ್ಧ; ಧ್ವಜದ ಖಾದಿ ನೇಯ್ಗೆಯಲ್ಲೂ ಅದರ ಹೆಸರು ಅಷ್ಟೇ ಮುಖ್ಯ.

ಕರ್ನಾಟಕ ಏಕೀಕರಣದ ಮರುವರ್ಷ, 1957ರ ನವೆಂಬರ್ 1ರಂದು, ಹೊಸ ರಾಜ್ಯದ ಖಾದಿ ಸಂಸ್ಥೆಗಳನ್ನು ಒಂದುಗೂಡಿಸಲು ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. ವೆಂಕಟೇಶ ಮಾಗಡಿ ಇದರ ಸ್ಥಾಪಕರು. ಶ್ರೀರಂಗ ಕಾಮತ್ ಮೊದಲಾದವರು ಕೈಜೋಡಿಸಿದರು. ಬೆಂಗೇರಿಯ ಸುಮಾರು ಹದಿನೇಳು ಎಕರೆ ಆವರಣದಲ್ಲಿ ನೂಲು, ನೇಯ್ಗೆ, ಮರಗೆಲಸ, ತರಬೇತಿ ಹೀಗೆ ಹಲವು ವಿಭಾಗಗಳು ಬೆಳೆದವು. ಧ್ವಜಕ್ಕೆಂದೇ ಪ್ರತ್ಯೇಕ ಘಟಕ 2004ರ ಸುಮಾರಿಗೆ ಶುರುವಾಗಿ, ಒಂದೆರಡು ವರ್ಷಗಳಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ಐ ಮುದ್ರೆ ಪಡೆಯಿತು. ಸರ್ಕಾರಿ ಕಚೇರಿ, ಶಾಲೆ, ಸೇನೆ, ಹೊರದೇಶಗಳ ಭಾರತೀಯ ರಾಯಭಾರ ಕಚೇರಿಗಳಿಗೆ ಇಲ್ಲಿಯ ಧ್ವಜಗಳು ಹೋಗಿವೆ. ನಾಂದೇಡ್, ಗ್ವಾಲಿಯರ್, ಮುಂಬೈಗಳ ಖಾದಿ ಸಂಸ್ಥೆಗಳೂ ಧ್ವಜ ತಯಾರಿಸುತ್ತವೆ. ನೂಲಿನಿಂದ ಹಗ್ಗದವರೆಗೆ ಎಲ್ಲ ಹಂತಗಳನ್ನೂ ಒಂದೇ ವ್ಯವಸ್ಥೆಯಡಿ ತಂದ ಸಾಧನೆ ಬೆಂಗೇರಿಯದು.

ಇಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ನೂಲುವವರು, ಬಣ್ಣದ ಬಟ್ಟೆ ಕತ್ತರಿಸುವವರು, ಚಕ್ರ ಒತ್ತುವವರು, ಹೊಲಿಯುವವರು ಸುತ್ತಲ ಊರು, ಬಡಾವಣೆಗಳಿಂದ ಬರುತ್ತಾರೆ. ಮಾಡಿದ ಕೆಲಸದ ಲೆಕ್ಕದ ಮೇಲೆ ಕೂಲಿ ಸಿಗುವುದರಿಂದ, ಬೇಡಿಕೆ ಕುಗ್ಗಿದ ತಿಂಗಳು ಅವರ ಮನೆಯ ವರಮಾನವೂ ಕುಗ್ಗುತ್ತದೆ.

ತಯಾರಿಕೆಯ ಹಂತಗಳು

ಹತ್ತಿ ಮತ್ತು ಹಂಜಿ: ಹಿಂಜಿ, ಹಸನು ಮಾಡಿ, ಎಳೆಗಳನ್ನು ಒಂದೇ ದಿಕ್ಕಿಗೆ ಹಾಯುವಂತೆ ಬಾಚಿದ ಹತ್ತಿಯಿಂದ ಹಂಜಿ ತಯಾರಾಗುತ್ತದೆ. ಕರ್ನಾಟಕದ ಖಾದಿ ಸಂಸ್ಥೆಗಳಿಗೆ ಹಂಜಿ ಒದಗಿಸಲು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಚಿತ್ರದುರ್ಗದಲ್ಲಿ ಘಟಕ ನಡೆಸುತ್ತಿದೆ. ಹಂಜಿ ಒಂದೇ ಸಮನಾಗಿಲ್ಲದಿದ್ದರೆ ಮುಂದಿನ ಯಾವ ಹಂತದಲ್ಲೂ ಆ ದೋಷವನ್ನು ಸರಿಪಡಿಸಲಾಗದು.

ನೂಲುವುದು: ಒಂದೇ ಕದಿರಿನ ಹಳೆಯ ಚರಕದ ಜಾಗದಲ್ಲಿ ಈಗ ಹಲವು ಕದಿರುಗಳ ಅಂಬರ ಚರಕವಿದೆ. ಕೈಯಿಂದ ತಿರುಗಿಸುವುದಂತೂ ಹಾಗೇ ಉಳಿದಿದೆ. ನೂತ ನೂಲನ್ನು ಲಡಿಗಳಾಗಿ ಸುತ್ತಿ, ದಪ್ಪ ಮತ್ತು ಬಿಗಿ ನೋಡಿ ಬೇರ್ಪಡಿಸುತ್ತಾರೆ. ಧ್ವಜದ ನೂಲಿಗೆ ಹುರಿ ಬಿಗಿಯಾಗಿರಬೇಕು. ಗಾಳಿಯಲ್ಲಿ ಪಟಪಟ ಬಡಿದುಕೊಳ್ಳುವ ಬಟ್ಟೆಯಲ್ಲಿ ಸಡಿಲ ನೂಲು ಬೇಗ ಜೂಲು ಏಳುತ್ತದೆ.

ನೇಯ್ಗೆ: ಧ್ವಜಕ್ಕೆ ಎರಡು ಬಗೆಯ ಬಟ್ಟೆ ಬೇಕು. ಮೂರು ಬಣ್ಣದ ಪಟ್ಟಿಗಳಿಗೆ ಖಾದಿ ಬಂಟಿಂಗ್. ಕಂಬದ ಕಡೆಯ ಅಂಚಿಗೆ ಹಗ್ಗ ತೂರಿಸುವ ತೋಳಿಗೆ ಖಾದಿ ಡಕ್ ಎಂಬ ದಪ್ಪನೆಯ ಬಟ್ಟೆ. ಸಾಮಾನ್ಯ ನೇಯ್ಗೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡರೆ ಡಕ್ ನೇಯ್ಗೆಯಲ್ಲಿ ಮೂರು ಎಳೆ ಕೂಡಬೇಕು. ಇದನ್ನು ಬಲ್ಲ ಕೈಮಗ್ಗದ ನೇಕಾರರು ಬಲು ವಿರಳ. ಹಾಸು ಹೂಡಿ, ಗಂಜಿ ಹಾಕಿ, ಕಂಡಿಕೆ ಸುತ್ತಿ, ಲಾಳಿ ಹಾಯಿಸಿ ನೇಯುವಾಗ ಪ್ರತಿ ಸೆಂಟಿಮೀಟರಿಗೆ ಬೀಳುವ ಎಳೆಗಳ ಲೆಕ್ಕ ತಪ್ಪಬಾರದು. ಯಂತ್ರಮಗ್ಗದಲ್ಲಿ ಈ ಲೆಕ್ಕವನ್ನು ಗೇರುಗಳು ಕಾಯುತ್ತವೆ. ಕೈಮಗ್ಗದಲ್ಲಿ ಅದನ್ನು ಕಾಯುವುದು ಹಲಗೆ ಬಡಿಯುವ ನೇಕಾರನ ತೋಳಿನ ಹದ. ಕೈಯಿಂದ ಮಾಡಿದ ಬಟ್ಟೆಯೊಂದು ಪ್ರಯೋಗಾಲಯದ ಅಂಕಿಗಳಿಗೆ ಸರಿಹೊಂದಬೇಕೆನ್ನುವುದು ಧ್ವಜದ ಖಾದಿಗಿರುವ ಅತಿ ಕಠಿಣ ಷರತ್ತು. ಅದನ್ನು ದಶಕಗಳ ಕಾಲ ನಡೆಸಿಕೊಂಡು ಬಂದ ನೇಕಾರರು ಸಾಮಾನ್ಯ ಕುಶಲಿಗರಲ್ಲ.

ಚಲುವೆ ಮತ್ತು ಬಣ್ಣ: ಮಗ್ಗದಿಂದ ಇಳಿದ ಬಟ್ಟೆ ಮೊದಲು ಪರೀಕ್ಷೆಗೆ ಹೋಗುತ್ತದೆ. ತೇರ್ಗಡೆಯಾದದ್ದನ್ನು ಕುದಿಸಿ ಗಂಜಿ, ಎಣ್ಣೆಯಂಶ ತೆಗೆದು ಚಲುವೆ ಮಾಡುತ್ತಾರೆ. ಬಳಿಕ ಮೂರು ಪಾಲು ಮಾಡಿ, ಒಂದಕ್ಕೆ ಕೇಸರಿ, ಇನ್ನೊಂದಕ್ಕೆ ಹಸಿರು ಹಾಕಿ, ಮೂರನೆಯದನ್ನು ಅಚ್ಚ ಬಿಳಿಯಾಗಿ ಉಳಿಸುತ್ತಾರೆ. ನೀರಿನ ಗುಣ, ಕಾವು, ಬಣ್ಣದಲ್ಲಿ ಬಟ್ಟೆ ಅದ್ದಿರುವ ಹೊತ್ತು ಇವುಗಳಲ್ಲಿ ಸ್ವಲ್ಪ ಏರುಪೇರಾದರೂ ಛಾಯೆ ಬದಲಾಗುತ್ತದೆ. ಬೇರೆ ಬೇರೆ ದಿನ ಬಣ್ಣ ಹಾಕಿದ ತಾನುಗಳೂ ಒಂದೇ ಛಾಯೆಯಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು ಬಣ್ಣದ ಮನೆಯ ಜವಾಬ್ದಾರಿ.

ಚಕ್ರ: ಇಪ್ಪತ್ನಾಲ್ಕು ಅರಗಳ ಕಡುನೀಲಿ ಚಕ್ರವನ್ನು ಬಿಳಿ ಪಟ್ಟಿಯ ನಟ್ಟನಡುವೆ, ಎರಡೂ ಮುಖಗಳಲ್ಲಿ ಮೂಡಿಸಬೇಕು. ಸ್ಕ್ರೀನ್ ಪ್ರಿಂಟಿಂಗ್, ಅಚ್ಚು, ಕಸೂತಿ ಇವುಗಳಲ್ಲಿ ಯಾವ ವಿಧಾನವೂ ಸಮ್ಮತ. ಬಳಕೆಯಲ್ಲಿ ಹೆಚ್ಚು ಇರುವುದು ಸ್ಕ್ರೀನ್ ಪ್ರಿಂಟಿಂಗ್. ಒಂದು ಮುಖ ಒತ್ತಿ ಒಣಗಿಸಿ, ಬಟ್ಟೆ ಮಗುಚಿ ಇನ್ನೊಂದು ಮುಖ ಒತ್ತುವಾಗ ಹಿಂದಿನ ಚಕ್ರದ ಅರಗಳ ಮೇಲೆಯೇ ಮುಂದಿನ ಅರಗಳು ಕೂರಬೇಕು. ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ ಜೋಡಿ ಗೆರೆ ಕಾಣುತ್ತದೆ, ಆ ಪಟ್ಟಿ ತಿರಸ್ಕೃತವಾಗುತ್ತದೆ.

ಹೊಲಿಗೆ: ಮೂರು ಪಟ್ಟಿಗಳನ್ನು ಅಳತೆಗೆ ಕತ್ತರಿಸಿ, ಅಂಚು ಮಡಚಿ, ಜೋಡು ಹೊಲಿಗೆ ಹಾಕುತ್ತಾರೆ. ಮೂರು ಪಟ್ಟಿಗಳ ಎತ್ತರ ಹೊಲಿದ ಮೇಲೂ ಸಮನಾಗಿ ಉಳಿಯಬೇಕು. ಯಾವ ಧ್ವಜವಾದರೂ ಮೊದಲು ಹರಿಯುವುದು ಕಂಬದಿಂದ ದೂರವಿರುವ ತುದಿಯಲ್ಲಿ. ಗಾಳಿಯ ಹೊಡೆತವೆಲ್ಲ ಅಲ್ಲಿಗೆ ಬಂದು ಒದರುತ್ತದೆ. ಆದ್ದರಿಂದ ಆ ಅಂಚಿನ ಮಡಿಕೆ, ಹೊಲಿಗೆಗಳಿಗೆ ಹೆಚ್ಚಿನ ಗಮನ ಬೇಕು.

ಇಸ್ತ್ರಿ ಮತ್ತು ಹಗ್ಗ: ಇಸ್ತ್ರಿಯಾದ ಧ್ವಜದ ತೋಳಿನೊಳಗೆ ಹಗ್ಗ ತೂರಿಸಿ, ಜಾರದಂತೆ ಬಟ್ಟೆಗೆ ಹೊಲಿಯುತ್ತಾರೆ. ಮೇಲ್ತುದಿಗೆ ಗಟ್ಟಿ ಮರದ ಸಣ್ಣ ಗೂಟ, ಕೆಳತುದಿಗೆ ಕುಣಿಕೆ ಇರುತ್ತದೆ. ಕಂಬದ ಹಗ್ಗದ ಕುಣಿಕೆಗೆ ಗೂಟ ಸಿಕ್ಕಿಸಿದರೆ ಮೇಲು ಯಾವುದು, ಕೆಳಗು ಯಾವುದು ಎಂಬ ಗೊಂದಲ ಉಳಿಯದು. ಕೇಸರಿ ಮೇಲೆಯೇ ಇರಬೇಕಾದ ಧ್ವಜಕ್ಕೆ ಈ ಸಣ್ಣ ಮರದ ತುಂಡು ದೊಡ್ಡ ಕಾವಲು.

ತಪಾಸಣೆ: ಎಳೆಗಳ ಸಂಖ್ಯೆ, ಹರಿಯುವ ಬಲ, ಕುಗ್ಗುವಿಕೆ, ಬಿಸಿಲು ಮತ್ತು ನೀರಿಗೆ ಬಣ್ಣ ನಿಲ್ಲುವಿಕೆ, ಚಕ್ರದ ವ್ಯಾಸ ಮತ್ತು ಜಾಗ, ಹೊಲಿಗೆಯ ನೇರ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ಯಾವೊಂದು ಅಂಶ ತಪ್ಪಿದರೂ ಐಎಸ್ಐ ಮುದ್ರೆ ಬೀಳುವುದಿಲ್ಲ.

ಸಂಹಿತೆಯ ತಿದ್ದುಪಡಿ ಮತ್ತು ಯಂತ್ರದ ಧ್ವಜ

ಬಹುಕಾಲ ಜನಸಾಮಾನ್ಯರು ವರ್ಷದ ಎಲ್ಲ ದಿನವೂ ರಾಷ್ಟ್ರಧ್ವಜ ಹಾರಿಸುವಂತಿರಲಿಲ್ಲ. ಉದ್ಯಮಿ ನವೀನ್ ಜಿಂದಾಲ್ ಹೂಡಿದ ಮೊಕದ್ದಮೆಯ ಹಿನ್ನೆಲೆಯಲ್ಲಿ ನಿಯಮ ಸಡಿಲಗೊಂಡು, 2002ರ ಜನವರಿ 26ರಿಂದ ಭಾರತದ ಧ್ವಜ ಸಂಹಿತೆ ಜಾರಿಗೆ ಬಂತು. ಗೌರವದಿಂದ ಧ್ವಜ ಹಾರಿಸುವುದು ನಾಗರಿಕರ ಮೂಲಭೂತ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2004ರ ಜನವರಿ 23ರಂದು ತೀರ್ಪು ನೀಡಿತು. ಶಿವಪುರದಲ್ಲಿ ಸಂಸ್ಥಾನದ ಆಡಳಿತದ ಎದುರು ಕೇಳಿದ್ದ ಹಕ್ಕು ಹೀಗೆ ಆರೂವರೆ ದಶಕಗಳ ನಂತರ ಪ್ರತಿ ಮನೆಯ ಹಕ್ಕಾಯಿತು.

2021ರ ಡಿಸೆಂಬರ್ 30ರ ತಿದ್ದುಪಡಿ ಕೈಯಿಂದ ನೂತು ನೇಯ್ದದ್ದರ ಜೊತೆಗೆ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ, ಹತ್ತಿ, ಉಣ್ಣೆ, ರೇಷ್ಮೆ, ಖಾದಿಗಳ ಜೊತೆಗೆ ಪಾಲಿಯೆಸ್ಟರಿಗೂ ಅನುಮತಿ ನೀಡಿತು. 2022ರ ಜುಲೈನ ತಿದ್ದುಪಡಿಯಂತೆ ಬಯಲಿನಲ್ಲೂ ಮನೆಗಳ ಮೇಲೂ ಹಗಲಿರುಳು ಧ್ವಜ ಹಾರಿಸಬಹುದು. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಅಂಗವಾಗಿ ಆ ವರ್ಷ ಆಗಸ್ಟ್ 13ರಿಂದ 15ರವರೆಗೆ ನಡೆದ ‘ಹರ್ ಘರ್ ತಿರಂಗಾ’ ಅಭಿಯಾನಕ್ಕೆ ಸೂರತ್‌ನಂಥ ಜವಳಿ ನಗರಗಳ ಗಿರಣಿಗಳು ಭಾರಿ ಪ್ರಮಾಣದಲ್ಲಿ ಪಾಲಿಯೆಸ್ಟರ್ ಧ್ವಜಗಳನ್ನು ಅಚ್ಚುಹಾಕಿದವು. ಅಂಚೆ ಕಚೇರಿಗಳಲ್ಲಿ 30 × 20 ಅಂಗುಲದ ಧ್ವಜ 25 ರೂಪಾಯಿಗೆ ಸಿಕ್ಕಿತು. ಧ್ವಜಗಳ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿಯೂ ಇತ್ತು.

ಯಂತ್ರದ ವಿಧಾನ ಬೇರೆ. ಬಿಳಿ ಪಾಲಿಯೆಸ್ಟರ್ ತಾನಿನ ಮೇಲೆ ಮೂರು ಬಣ್ಣ, ಚಕ್ರ ಎಲ್ಲವೂ ಒಂದೇ ಓಟದಲ್ಲಿ ಮುದ್ರಣವಾಗುತ್ತವೆ. ಪಟ್ಟಿಗಳನ್ನು ಜೋಡಿಸುವ ಹೊಲಿಗೆ ಇಲ್ಲ. ಅಂಚು ಕತ್ತರಿಸುವುದು ಬಿಸಿ ಅಲಗಿನಿಂದ. ನಾರು ಕರಗಿ ಅಲ್ಲೇ ಮುಚ್ಚಿಕೊಳ್ಳುತ್ತದೆ. ಬೆಲೆ ಕಡಿಮೆ, ವೇಗ ಹೆಚ್ಚು. ಹಿಂದೆ ಧ್ವಜ ಕೊಳ್ಳಲಾಗದ ಮನೆಗೂ ಈಗ ಧ್ವಜ ಬಂದಿರುವುದು ನಿಜ. ಆದರೆ ಆತುರದ ಮುದ್ರಣದಲ್ಲಿ ಚಕ್ರ ನಡುವಿನಿಂದ ಸರಿದ, ಪಟ್ಟಿಗಳು ಅಸಮವಾದ, ಉದ್ದ-ಅಗಲದ 3:2ರ ಪ್ರಮಾಣ ತಪ್ಪಿದ ಧ್ವಜಗಳೂ ಪೇಟೆಗೆ ಬಂದವು. ಕರ್ನಾಟಕದ ಖಾದಿ ಸಂಸ್ಥೆಗಳು ತಿದ್ದುಪಡಿಯನ್ನು ವಿರೋಧಿಸಿ ಪ್ರತಿಭಟಿಸಿದವು. ಆಗಸ್ಟ್ ತಿಂಗಳ ಬೇಡಿಕೆಯನ್ನೇ ನಂಬಿದ್ದ ಬೆಂಗೇರಿಯ ಕೆಲಸಗಾರರಿಗೆ ಅದೊಂದು ಪೆಟ್ಟಾಗಿತ್ತು.

ಭಾರಿ ಧ್ವಜಗಳು

ಎತ್ತರದ ಕಂಬಗಳ ಮೇಲೆ ಭಾರಿ ಧ್ವಜ ಹಾರಿಸುವ ರೂಢಿ ಈಚಿನದು. ಬೆಳಗಾವಿಯ ಕೋಟೆ ಕೆರೆ ದಂಡೆಯಲ್ಲಿ 2018ರಲ್ಲಿ ನಿಲ್ಲಿಸಿದ 110 ಮೀಟರ್ ಕಂಬದ ಧ್ವಜ 120 ಅಡಿ ಉದ್ದ, 80 ಅಡಿ ಅಗಲದ್ದು. ಅಷ್ಟು ಎತ್ತರದಲ್ಲಿ ಗಾಳಿ ಸದಾ ಜೋರು. ಬಟ್ಟೆಯ ವಿಸ್ತೀರ್ಣ ಹೆಚ್ಚಿದಂತೆ ಎಳೆತವೂ ಹೆಚ್ಚಿ ಧ್ವಜಗಳು ಪದೇ ಪದೇ ಹರಿಯುತ್ತವೆ. ಹಾಗಾಗಿ ಇಂಥ ಕಡೆ ಪಾಲಿಯೆಸ್ಟರ್ ಬಳಕೆ ಸಾಮಾನ್ಯ; ಬದಲಿ ಧ್ವಜ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ. ಖಾದಿಯಲ್ಲೂ ಭಾರಿ ಧ್ವಜ ಸಾಧ್ಯವೆಂದು ತೋರಿಸಿದ್ದು 2021ರ ಅಕ್ಟೋಬರ್ 2ರಂದು ಲೇಹ್‌ನಲ್ಲಿ ಬೆಟ್ಟದ ಇಳಿಜಾರಿನ ಮೇಲೆ ಹರಡಿದ, 225 ಅಡಿ ಉದ್ದ, 150 ಅಡಿ ಅಗಲದ ಧ್ವಜ. ಅದು ಕಂಬಕ್ಕೇರುವ ಧ್ವಜವಲ್ಲ, ಪ್ರದರ್ಶನದ ಧ್ವಜ.

ಬಾಳಿಕೆ ಮತ್ತು ವಿಲೇವಾರಿ

ಖಾದಿ ಧ್ವಜ ಮಳೆಯಲ್ಲಿ ನೆಂದರೆ ಭಾರವಾಗುತ್ತದೆ; ನೆನೆದದ್ದನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಹರಡಿ ಒಣಗಿಸಿ ಎತ್ತಿಡಬೇಕು. ಹರಿದ, ಮಾಸಿದ ಧ್ವಜವನ್ನು ಹಾರಿಸುವಂತಿಲ್ಲ. ಅದನ್ನು ಒರಸುವ ಬಟ್ಟೆಯಾಗಿ, ಹೊದಿಕೆಯಾಗಿ ಬಳಸುವಂತಿಲ್ಲ. ಬಳಕೆಗೆ ಬಾರದ ಧ್ವಜವನ್ನು ಏಕಾಂತದಲ್ಲಿ, ಪೂರ್ತಿಯಾಗಿ, ಆದಷ್ಟೂ ಸುಟ್ಟು ಗೌರವದಿಂದ ಇಲ್ಲವಾಗಿಸಬೇಕೆಂದು ಸಂಹಿತೆ ಹೇಳುತ್ತದೆ. ಧ್ವಜಕ್ಕೆ ಅವಮಾನ ಮಾಡಿದವರಿಗೆ 1971ರ ಕಾಯ್ದೆಯಡಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ವಿಲೇವಾರಿಯ ಪ್ರಶ್ನೆಯಲ್ಲಿ ನಾರುಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಹತ್ತಿ ಸುಟ್ಟರೆ ಬೂದಿಯಾಗುತ್ತದೆ, ಹೂತರೆ ಮಣ್ಣಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮುದ್ದೆಯಾಗುತ್ತದೆ, ಮಣ್ಣಿನಲ್ಲಿ ಬಹುಕಾಲ ಕೊಳೆಯದೆ ಉಳಿಯುತ್ತದೆ. ಪ್ಲಾಸ್ಟಿಕ್ ಧ್ವಜಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಸಂಭ್ರಮದ ದಿನ ಕೈಯಲ್ಲಿ ಹಿಡಿಯಲು ಕಾಗದದ ಧ್ವಜಕ್ಕೆ ಅವಕಾಶವಿದೆ. ಅದನ್ನೂ ಬೀದಿಗೆ ಎಸೆಯುವಂತಿಲ್ಲ.

ಇಂದಿನ ಸ್ಥಿತಿ

ಖಾದಿ ಧ್ವಜ ಮತ್ತು ಯಂತ್ರದ ಧ್ವಜ ಈಗ ಜೊತೆಜೊತೆಗೆ ಬಳಕೆಯಲ್ಲಿವೆ. ಎರಡನ್ನೂ ಕಾನೂನು ಒಪ್ಪುತ್ತದೆ. ಎರಡಕ್ಕೂ ಗೌರವ ಒಂದೇ. ತಯಾರಿಕೆಯ ದೃಷ್ಟಿಯಿಂದ ನೋಡಿದರೆ ಮಾತ್ರ ಖಾದಿಯ ಸ್ಥಾನವನ್ನು ಇನ್ನೊಂದು ತುಂಬಲಾರದು. ಮೂರು ಎಳೆಯ ಡಕ್ ನೇಯುವ ಕೈ, ಎರಡು ಮುಖದ ಚಕ್ರವನ್ನು ಒಂದಕ್ಕೊಂದು ಕೂರಿಸುವ ಕಣ್ಣು ವರ್ಷವಿಡೀ ಕೆಲಸವಿದ್ದರೆ ಮಾತ್ರ ಉಳಿಯುತ್ತವೆ. ಒಂದು ತಲೆಮಾರು ಮಗ್ಗದಿಂದ ಎದ್ದು ಹೋದರೆ ಆ ವಿದ್ಯೆಯನ್ನು ಮಾನಕದ ಪುಸ್ತಕದಿಂದ ಮರಳಿ ಪಡೆಯಲಾಗದು. ಗ್ರಾಮ ಪಂಚಾಯಿತಿ, ಶಾಲೆ, ಸಹಕಾರ ಸಂಘ, ಸರ್ಕಾರಿ ಕಚೇರಿಗಳು ಧ್ವಜ ಕೊಳ್ಳುವಾಗ ಐಎಸ್ಐ ಮುದ್ರೆಯ ಖಾದಿ ಧ್ವಜವನ್ನೇ ಖಾದಿ ಭಂಡಾರಗಳಿಂದ ತರಿಸಿದರೆ, ಆ ಹಣ ಗರಗ, ತುಳಸಿಗೇರಿ, ಬೆಂಗೇರಿಗಳ ನೂಲುವವರಿಗೆ, ನೇಕಾರರಿಗೆ, ಹೊಲಿಯುವ ಹೆಂಗಸರಿಗೆ ಕೂಲಿಯಾಗಿ ಸೇರುತ್ತದೆ. ಧ್ವಜ ಖಾದಿಯದಾಗಿರಬೇಕೆಂದು 1921ರಲ್ಲಿ ಗಾಂಧೀಜಿ ಹೇಳಿದ್ದು ಹಳ್ಳಿಯ ಈ ಕೂಲಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ.